ದುಡಿಯುವ ತಾಯಿಯೂ ಮೂರನೆಯ ಬಸಿರೂ

ದುಡಿಯುವ ಹೆಂಗಸು ಎಂಬ ಮಾತು ಕಿವಿಗೆ ಬಿದ್ದೊಡನೆ ಪಟ್ಟಣವಾಸಿಗಳಾದ ನಮ್ಮ ಕಣ್ಣೆದುರಿಗೆ ಬರುವವರು ಉಪಾಧ್ಯಾಯಿನಿಯರು, ದಾದಿಯರು, ಕಚೇರಿಗಳಲ್ಲಿ ಲೆಕ್ಕ ಬರೆಯುವವರು. ಇವರೆಲ್ಲರೂ ದುಡಿಯುವವರೇ, ಇವರ ಕಷ್ಟವೂ ಕಷ್ಟವೇ. ಆದರೆ ನಮ್ಮ ನಾಡಿನ ಹಳ್ಳಿಗಳಲ್ಲಿ ದುಡಿಯುವ ಸ್ತ್ರೀಯರ ಬಹುಪಾಲು ಇಂದಿಗೂ ಹೊಲದಲ್ಲಿಯೇ ಇದೆ. ಅವರಲ್ಲಿಯೂ ಇಬ್ಬರು ಚಿಕ್ಕ ಮಕ್ಕಳನ್ನು ಸಾಕುತ್ತ, ಮೂರನೆಯದನ್ನು ಬಸಿರಿನಲ್ಲಿ ಹೊತ್ತು, ದಿನಗೂಲಿಯನ್ನು ಬಿಡಲಾರದೆ ಇರುವ ತಾಯಿಯ ಸ್ಥಿತಿ ವಿಶೇಷವಾದದ್ದು. ಆಕೆಯ ದಿನವು ಹೇಗೆ ಸಾಗುತ್ತದೆ, ಆಕೆಯ ದೇಹದಲ್ಲಿ ಏನು ನಡೆಯುತ್ತದೆ, ಸಮಾಜವೂ ಸರ್ಕಾರವೂ ಆಕೆಗೆ ಏನು ಕೊಟ್ಟಿವೆ, ಏನು ಕೊಟ್ಟಿಲ್ಲ ಎಂಬುದನ್ನು ನಾವು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಅತನೂರ ಎಂಬ ಊರಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಈ ಸೀಮೆಯು 1948ರ ವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಕನ್ನಡ ರಾಜ್ಯದೊಳಕ್ಕೆ ಬಂದಿತು. ಭೀಮಾ ನದಿಯ ನೀರು ಮುಟ್ಟುವ ಕಡೆ ಕಬ್ಬು. ಉಳಿದೆಡೆ ಮಳೆಯನ್ನೇ ನಂಬಿದ ಎರೆಭೂಮಿ. ಜೋಳ, ಹತ್ತಿ, ಎಲ್ಲಕ್ಕಿಂತ ಮಿಗಿಲಾಗಿ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಮ್ಮ ಅಡಿಗೆಮನೆಯ ಸಾರಿಗೆ ಬೀಳುವ ಬೇಳೆಯ ಹಿಂದೆ ಕಳೆ ಕಿತ್ತವರು, ಕುಡಿ ಚಿವುಟಿದವರು, ಕೊಯ್ದು ಕಟ್ಟಿದವರು ಬಹುಮಟ್ಟಿಗೆ ಹೆಂಗಸರು ಎಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಅಂಥ ಊರಿನ ಒಬ್ಬ ಕೂಲಿಯ ತಾಯಿಯ ದಿನವನ್ನು ನೋಡೋಣ. ಇದು ಹೆಸರುಳ್ಳ ಯಾರೊಬ್ಬಳ ಕಥೆಯೂ ಅಲ್ಲ. ಈ ಸೀಮೆಯಲ್ಲಿ ಅನೇಕರು ಬಾಳುವ ದಿನ. ದೊಡ್ಡ ಮಗುವಿಗೆ ನಾಲ್ಕು ವರ್ಷ, ಚಿಕ್ಕದಕ್ಕೆ ಎರಡು ತುಂಬಿಲ್ಲ, ಬಸಿರಿಗೆ ಐದು ತಿಂಗಳು. ಕೋಳಿ ಕೂಗುವ ಮುಂಚೆಯೇ ಎದ್ದು ಅಂಗಳ ಗುಡಿಸಬೇಕು, ನೀರು ತರಬೇಕು, ಒಲೆ ಹೊತ್ತಿಸಬೇಕು. ಹಗಲಿನ ಬುತ್ತಿಗೂ ಸೇರಿಸಿ ರೊಟ್ಟಿ ಬಡಿಯುವಷ್ಟರಲ್ಲಿ ಚಿಕ್ಕದು ಎದ್ದು "ಅವ್ವಾ" ಎಂದು ಸೆರಗು ಹಿಡಿದು ಎಳೆಯುತ್ತದೆ. ಒಂದು ಕೈ ರೊಟ್ಟಿಗೆ, ಒಂದು ಕೈ ಕೂಸಿಗೆ. ಗಂಡನಿಗೂ ಅತ್ತೆಮಾವಂದಿರಿಗೂ ಬಡಿಸಿ, ದೊಡ್ಡದನ್ನು ಅಂಗನವಾಡಿಗೆ ಬಿಟ್ಟು, ಓರಗೆಯ ಹೆಂಗಸರು "ಬರ್ತೀ ಏನವ್ವ" ಎಂದು ಕೂಗುವ ಹೊತ್ತಿಗೆ ಬುಟ್ಟಿ ಎತ್ತಿಕೊಂಡು ಹೊರಡಬೇಕು. ತಾನು ಉಂಡಳೋ ಇಲ್ಲವೋ ಎಂಬುದನ್ನು ಕೇಳುವವರಿಲ್ಲ.

ಹೊಲದಲ್ಲಿ ಹಗಲು ಪೂರ್ತಿ ಬಾಗಿದ ಬೆನ್ನು. ಮುಂಗಾರಿನಲ್ಲಿ ಕಳೆ, ಅನಂತರ ತೊಗರಿಯ ಕುಡಿ ಚಿವುಟುವುದು, ದೀಪಾವಳಿಯ ಆಚೀಚೆ ಹತ್ತಿ ಬಿಡಿಸುವುದು, ಮಾರ್ಗಶಿರ ಪುಷ್ಯಗಳಲ್ಲಿ ತೊಗರಿಯ ಕೊಯ್ಲು, ಅದರ ಹಿಂದೆಯೇ ಹಿಂಗಾರಿಯ ಜೋಳ. ಸಂಜೆ ಮರಳಿ ಬಂದವಳಿಗೆ ಮತ್ತೆ ನೀರು, ಮತ್ತೆ ಒಲೆ, ಮಕ್ಕಳ ಮೈ ತೊಳೆಯುವುದು, ಬಟ್ಟೆ, ಪಾತ್ರೆ. ರಾತ್ರಿ ಚಿಕ್ಕದು ಎದೆಗೆ ಒತ್ತಿಕೊಂಡು ಮಲಗುತ್ತದೆ, ಒಳಗಿನದು ಒದೆಯುತ್ತದೆ. 2019ರಲ್ಲಿ ಭಾರತ ಸರ್ಕಾರದವರು ಮಾಡಿದ ಕಾಲ ಬಳಕೆಯ ಗಣತಿಯಲ್ಲಿ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆಂದೂ ಗಂಡಸರು 97 ನಿಮಿಷ ಕಳೆಯುತ್ತಾರೆಂದೂ ಕಂಡುಬಂದಿತು. ಹೊಲದ ಹಗಲಿನ ಮೇಲೆ ಈ ಐದು ಗಂಟೆಗಳನ್ನು ಇಟ್ಟು ನೋಡಿದರೆ, ಆಕೆಗೆ ಉಳಿಯುವ ವಿಶ್ರಾಂತಿ ಎಷ್ಟೆಂಬುದಕ್ಕೆ ಬೇರೆ ಲೆಕ್ಕ ಬೇಡ.

ಈ ದಿನಚರಿಯ ನಡುವೆ ಅತ್ಯಂತ ಕಠಿಣವಾದ ಪ್ರಶ್ನೆ ಯಾವುದು? ಬಸಿರಲ್ಲ, ಎರಡು ವರ್ಷದ ಆ ಚಿಕ್ಕ ಮಗು. ಆರು ತಿಂಗಳ ಕೂಸಾದರೆ ಹೊಲದ ಬದುವಿನ ಜಾಲಿಗೋ ಬೇವಿಗೋ ಸೀರೆಯ ಜೋಳಿಗೆ ಕಟ್ಟಿ ಮಲಗಿಸಬಹುದು. ನಾಲ್ಕು ವರ್ಷದ್ದಾದರೆ ಅಂಗನವಾಡಿಗೆ ಹೋಗುತ್ತದೆ. ನಡುವಿನದು ಜೋಳಿಗೆಯಲ್ಲಿ ನಿಲ್ಲುವುದಿಲ್ಲ, ಅಂಗನವಾಡಿಯ ಪಾಠದ ಸಾಲಿಗೂ ಸೇರುವುದಿಲ್ಲ. ಅದು ಓಡುತ್ತದೆ, ಮಣ್ಣು ತಿನ್ನುತ್ತದೆ, ಬಾವಿಯ ಕಡೆಗೆ ಹೋಗುತ್ತದೆ, ಹುಳುಹುಪ್ಪಟೆಗೆ ಕೈಯಿಡುತ್ತದೆ. ಹತ್ತು ಹನ್ನೊಂದು ಕಿಲೋ ತೂಗುವ ಆ ಮಗುವನ್ನು ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸುವವಳು ಐದು ತಿಂಗಳ ಬಸುರಿ. ಹುಟ್ಟಿದಂದಿನಿಂದ ಮೂರು ವರ್ಷ ತುಂಬುವವರೆಗಿನ ಈ ಕಾಲಕ್ಕೆ ನಮ್ಮ ಹಳ್ಳಿಯ ವ್ಯವಸ್ಥೆಯಲ್ಲಿ ಸರಿಯಾದ ಸ್ಥಾನವೇ ಇಲ್ಲ ಎಂಬುದು ನಮ್ಮ ಮುಖ್ಯವಾದ ಅರಿಕೆ.

ಮನೆಯಲ್ಲಿ ಅತ್ತೆಯಿಲ್ಲವೆ, ಅವಿಭಕ್ತ ಕುಟುಂಬವಿಲ್ಲವೆ ಎಂದು ಕೇಳುವವರುಂಟು. ಇದ್ದರೆ ಒಳ್ಳೆಯದೇ. ಆದರೆ ಬಡವರ ಮನೆಯಲ್ಲಿ ಅತ್ತೆಯೂ ಕೂಲಿಗೆ ಹೋಗುವವಳು. ಕೂಲಿಗೆ ಹೋಗಲಾರದಷ್ಟು ಮುಪ್ಪಾದವಳಿಗೆ ಓಡುವ ಮಗುವಿನ ಹಿಂದೆ ಓಡುವ ಶಕ್ತಿ ಇರುವುದಿಲ್ಲ. ಆಗ ಆ ಹೊರೆ ಬೀಳುವುದು ಮನೆಯ ಹಿರಿಯ ಹುಡುಗಿಯ ಮೇಲೆ. ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತು ಶಾಲೆಯ ಬಾಗಿಲಲ್ಲಿ ನಿಂತು ನೋಡುವ ಎಂಟು ಹತ್ತು ವರ್ಷದ ಅಕ್ಕನನ್ನು ನಮ್ಮ ಹಳ್ಳಿಗಳನ್ನು ಬಲ್ಲವರೆಲ್ಲರೂ ಕಂಡಿದ್ದಾರೆ. ತಾಯಿಯ ಕೈಗೆ ಒಂದು ಆಸರೆ ಇಲ್ಲದಿದ್ದರೆ ನಷ್ಟವಾಗುವುದು ಮೂವರಿಗೆ: ತಾಯಿಗೆ, ಚಿಕ್ಕ ಮಗುವಿಗೆ, ಶಾಲೆ ತಪ್ಪಿದ ಈ ಹುಡುಗಿಗೆ.

ಇನ್ನು ತಾಯಿಯ ದೇಹದ ವಿಚಾರ. ಬಸಿರಿನಲ್ಲಿ ಹೆಂಗಸಿನ ಮೈಯ ರಕ್ತವು ನೂರಕ್ಕೆ ನಲವತ್ತಕ್ಕೂ ಮೇಲೆ ಹೆಚ್ಚುತ್ತದೆ. ಹೆಚ್ಚುವ ಈ ರಕ್ತದಲ್ಲಿ ನೀರಿನ ಅಂಶ ಬೇಗ ಬೆಳೆಯುತ್ತದೆ, ಕೆಂಪು ಕಣಗಳು ನಿಧಾನವಾಗಿ ಬೆಳೆಯುತ್ತವೆ. ಕೆಂಪು ಕಣಗಳಿಗೆ ಕಬ್ಬಿಣ ಬೇಕು. ಕೂಸಿನ ರಕ್ತಕ್ಕೂ ಬೇಕು. ಹೆರಿಗೆಯಲ್ಲಿ ಹೋಗುವ ರಕ್ತಕ್ಕೂ ಮೀಸಲು ಇರಬೇಕು. ಎಲ್ಲ ಸೇರಿ ಒಂದು ಬಸಿರಿಗೆ ಸುಮಾರು 1,000 ಮಿಲಿಗ್ರಾಂ, ಎಂದರೆ ಒಂದು ಗ್ರಾಂ, ಕಬ್ಬಿಣ ಬೇಕೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ನೋಡುವುದಕ್ಕೆ ಒಂದು ಗ್ರಾಂ ಅತ್ಯಲ್ಪ. ಆದರೆ ಮೊದಲ ಹೆರಿಗೆಯಲ್ಲಿ ಖರ್ಚಾದದ್ದು ತುಂಬುವ ಮೊದಲೇ ಎರಡನೆಯದು, ಅದು ತುಂಬುವ ಮೊದಲೇ ಮೂರನೆಯದು ಬಂದರೆ ಕಣಜ ಬರಿದಾಗುತ್ತದೆ. ಆದಕಾರಣವೇ ಒಂದು ಹೆರಿಗೆಯಾದ ಮೇಲೆ ಕಡಿಮೆಯೆಂದರೆ 24 ತಿಂಗಳು ಬಿಟ್ಟು ಮತ್ತೆ ಗರ್ಭ ನಿಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ.

ಬಸುರಿಯ ರಕ್ತದಲ್ಲಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿ ಈ ಸ್ಥಿತಿಯಲ್ಲಿದ್ದರು. ಹೊಲದಲ್ಲಿ ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಏದುಸಿರು, ಕಣ್ಣು ಕತ್ತಲೆ, ಎದೆ ಬಡಿತ. ಇವನ್ನು ಹಳ್ಳಿಯಲ್ಲಿ "ಬಸಿರೆಂದರೆ ಹೀಗೇ" ಎಂದು ತಳ್ಳಿಹಾಕುವ ರೂಢಿ. ಹೀಗೇ ಇರಬೇಕಾದುದಿಲ್ಲ. ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಕಬ್ಬಿಣದ ಮಾತ್ರೆಯನ್ನು ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುತ್ತಾರೆ. ಅದನ್ನು ನುಂಗಿದರೆ ಮಲ ಕಪ್ಪಾಗುವುದು, ಹೊಟ್ಟೆ ತೊಳಸುವುದು ಇವೆಯೆಂದು ಅನೇಕರು ಗೂಡಿನಲ್ಲಿ ಇಟ್ಟುಬಿಡುತ್ತಾರೆ. ರಾತ್ರಿ ಊಟವಾದ ಮೇಲೆ ನುಂಗಿದರೆ ತೊಳಸು ಕಡಿಮೆ. ಚಹದೊಡನೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ಆಹಾರದ ವಿಷಯದಲ್ಲಿ ಈ ಸೀಮೆಯು ಬಡತನದಲ್ಲಿಯೂ ಬರಿಗೈಯಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಹುಳಿಯಾದ ಪುಂಡಿಪಲ್ಲೆ, ಬೆಲ್ಲ ಇವು ಒಳ್ಳೆಯ ಆಹಾರಗಳೇ. ರೊಟ್ಟಿ ಪಲ್ಲೆಗೆ ನಿಂಬೆಯ ಹುಳಿ ಹಿಂಡಿಕೊಂಡರೆ ಅವುಗಳಲ್ಲಿರುವ ಕಬ್ಬಿಣವು ಹೆಚ್ಚಾಗಿ ಮೈಗೂಡುತ್ತದೆ. ಬಸುರಿಗೆ ದಿನಕ್ಕೆ ಹೆಚ್ಚಾಗಿ ಬೇಕಾದದ್ದು ಸುಮಾರು 350 ಕ್ಯಾಲೊರಿ. ಒಂದು ದೊಡ್ಡ ರೊಟ್ಟಿಯಿಂದಲೂ ಒಂದು ಬಟ್ಟಲು ಬೇಳೆಯಿಂದಲೂ ಅದು ಹೆಚ್ಚುಕಡಿಮೆ ದೊರೆಯುತ್ತದೆ. ಕೊರತೆಯಿರುವುದು ಸಾಮಗ್ರಿಯಲ್ಲಿ ಮಾತ್ರವಲ್ಲ, ಪಂಕ್ತಿಯ ಕ್ರಮದಲ್ಲಿಯೂ ಇದೆ. ಎಲ್ಲರೂ ಉಂಡ ಮೇಲೆ ಉಣ್ಣುವವಳ ಪಾಲಿಗೆ ಬೇಳೆಯ ತಳ ಉಳಿಯದೆ ರೊಟ್ಟಿಯೂ ಖಾರವೂ ಮಾತ್ರ ಉಳಿದಿರುತ್ತವೆ. ಹಸಿವನ್ನು ಚಹದಿಂದ ಅಡಗಿಸುವ ಅಭ್ಯಾಸ ಇದಕ್ಕೆ ಕೂಡಿಕೊಂಡಿದೆ.

ಬಸಿರಾದ ಮೇಲೆ ಚಿಕ್ಕ ಮಗುವಿಗೆ ಮೊಲೆಯೂಡಬಹುದೆ ಎಂಬುದು ಮನೆಮನೆಯಲ್ಲಿ ಕೇಳಿಬರುವ ಪ್ರಶ್ನೆ. ಆ ಹಾಲು ಕೆಟ್ಟದ್ದು, ಮಗುವಿಗೆ ವಿಷವಾಗುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಅದು ನಿಜವಲ್ಲ. ತಾಯಿಯ ಆರೋಗ್ಯ ನೆಟ್ಟಗಿದ್ದು, ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾದ ಸಂದರ್ಭವಾಗಲಿ ರಕ್ತಸ್ರಾವವಾಗಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಊಡಬಹುದು. ಸಂಶಯವಿದ್ದರೆ ವೈದ್ಯರನ್ನು ಕೇಳಬೇಕು. ಆದರೆ ಬಸಿರು ಬೆಳೆದಂತೆ ಹಾಲು ತಾನಾಗಿಯೇ ಕಡಿಮೆಯಾಗಿ ರುಚಿಯೂ ಬದಲಾಗುತ್ತದೆ. ಆಗ ಮಗುವಿಗೆ ಮೆತ್ತಗೆ ಕಲಸಿದ ಬೇಳೆಯನ್ನ, ತುಪ್ಪ ಸವರಿದ ರೊಟ್ಟಿಯ ಮಾಲ್ದಿ, ಮೊಟ್ಟೆ, ಬಾಳೆಹಣ್ಣು ಹೀಗೆ ಹೊತ್ತುಹೊತ್ತಿಗೆ ಕೊಡುವವರು ಬೇಕು. ತಾಯಿ ಹೊಲದಲ್ಲಿದ್ದರೆ ಕೊಡುವವರಾರು? ಹಾಲು ಬತ್ತಿ, ಊಟ ಸರಿಯಾಗಿ ಬಾರದೆ ಮಗು ಬಡಕಲಾಗುವುದು ಬಹುಮಟ್ಟಿಗೆ ಈ ಕಾಲದಲ್ಲಿಯೇ.

ಹೊಲದ ಕೆಲಸದ ಅಪಾಯಗಳನ್ನೂ ಹೇಳಬೇಕು. ಬಸಿರಿನಲ್ಲಿ ಸೊಂಟದ ಕೀಲುಗಳ ಕಟ್ಟು ಸಡಿಲವಾಗಿ, ದೇಹದ ಭಾರ ಮುಂದಕ್ಕೆ ಬರುವುದರಿಂದ ಬಾಗಿ ಮಾಡುವ ಕೆಲಸವೂ ತಲೆಹೊರೆಯೂ ಬೆನ್ನಿಗೆ ಬಲು ಭಾರ. ತೊಗರಿಗೂ ಹತ್ತಿಗೂ ಕಾಯಿಕೊರಕದ ಹುಳುವಿಗಾಗಿ ಔಷಧಿ ಸಿಂಪಡಿಸುತ್ತಾರೆ. ಸಿಂಪಡಿಸಿದ ಹೊಲಕ್ಕೆ ಬಸುರಿಯಾಗಲಿ ಚಿಕ್ಕ ಮಗುವಾಗಲಿ ಕೂಡಲೇ ಕಾಲಿಡಬಾರದು. ಹೊಲದಲ್ಲಿ ಮರೆಯಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಉರಿಮೂತ್ರ ಬರುತ್ತದೆ, ಸೋಂಕು ಏರಿದರೆ ಜ್ವರವೂ ದಿನ ತುಂಬದ ಹೆರಿಗೆಯೂ ಆಗಬಹುದು. ಕಲಬುರಗಿಯ ಬೇಸಗೆಯ ಬಿಸಿಲಂತೂ ಪ್ರಸಿದ್ಧವೇ ಆಗಿದೆ.

ಇಷ್ಟು ಭಾರ ಹೊತ್ತವಳಿಗೆ ನಮ್ಮ ಸಂಪ್ರದಾಯವು ಏನು ಮಾಡುತ್ತದೆ? ಚೊಚ್ಚಲ ಬಸುರಿಗೆ ನಮ್ಮ ಉತ್ತರದ ಸೀಮೆಯಲ್ಲಿ ಕುಬುಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಬಯಸಿದ ಅಡಿಗೆ, ಆರತಿ, ಹಾಡು. ಅನಂತರ ತವರಿಗೆ ಕರೆದೊಯ್ದು ಬಾಣಂತನ ಮಾಡಿ ಕಳುಹಿಸುತ್ತಾರೆ. ಬಹು ಚೆಂದದ ಪದ್ಧತಿ. "ಎರಡು ಜೀವದಾಕಿ" ಎಂದು ಆಕೆಗೆ ಎತ್ತುವ ಕೆಲಸ ಹೇಳುವುದಿಲ್ಲ. ಮೂರನೆಯದಕ್ಕೆ ಕುಬುಸವೂ ಇಲ್ಲ, ತವರಿನ ಕರೆಯೂ ಅಪರೂಪ. ರೂಢಿಯಾಯಿತಲ್ಲ, ಎರಡು ಹೆತ್ತವಳಿಗೆ ಮೂರನೆಯದೇನು ಎಂದು ಜನ ತಿಳಿಯುತ್ತಾರೆ. ಆದರೆ ಚೊಚ್ಚಲಿನ ಹುಡುಗಿಗೆ ಎತ್ತಿಕೊಳ್ಳಬೇಕಾದ ಮಗುವಿರಲಿಲ್ಲ. ಆಕೆಯ ಕಣಜವೂ ಬರಿದಾಗಿರಲಿಲ್ಲ.

ಸೋಜಿಗವೆಂದರೆ ಕಾಯಿದೆಯೂ ಸಂಪ್ರದಾಯದ ದಾರಿಯನ್ನೇ ಹಿಡಿದಿದೆ. ಹೆರಿಗೆಯ ಕಾಲದಲ್ಲಿ ದುಡಿಯುವ ಹೆಂಗಸಿಗೆ ಸಂಬಳಸಹಿತ ಬಿಡುವು ಕೊಡಬೇಕೆಂಬ ತತ್ತ್ವವು ನಮ್ಮ ದೇಶದಲ್ಲಿ ಮೊದಲು ಮುಂಬಯಿ ಪ್ರಾಂತದ 1929ರ ಕಾಯಿದೆಯಲ್ಲಿ ಗಟ್ಟಿಯಾಯಿತು; ಅದರ ಮಸೂದೆಯನ್ನು 1928ರಲ್ಲಿ ಶಾಸನಸಭೆಯಲ್ಲಿ ಬೆಂಬಲಿಸಿ ಮಾತನಾಡಿದವರಲ್ಲಿ ಡಾ. ಅಂಬೇಡ್ಕರರೊಬ್ಬರು. 1961ರಲ್ಲಿ ಅಖಿಲ ಭಾರತದ ಕಾಯಿದೆ ಬಂದಿತು. 2017ರ ತಿದ್ದುಪಡಿಯಿಂದ ಬಿಡುವು 26 ವಾರಗಳಿಗೆ ಏರಿತು. ಆದರೆ ಇಬ್ಬರು ಮಕ್ಕಳಿರುವವಳಿಗೆ 12 ವಾರ ಮಾತ್ರ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಈ ಬಿಡುವು ಕೂಡ ಕಾರ್ಖಾನೆ ಕಚೇರಿಗಳವರಿಗೆ. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಎಂದು ದುಡಿಯುವವಳಿಗೆ ಬಿಡುವು ಕೊಡಬೇಕಾದ ಧಣಿ ಯಾರು? ಅಂಥವರಿಗಾಗಿ 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಮೊದಲ ಮಗುವಿಗೆ 5,000 ರೂಪಾಯಿ ಗೊತ್ತುಮಾಡಿತು. 2022ರಿಂದ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಮೂರನೆಯದಕ್ಕೆ ಅದರಲ್ಲಿ ಏನೂ ಇಲ್ಲ.

ಜನಸಂಖ್ಯೆ ಬೆಳೆಯಬಾರದೆಂದು ಹೀಗೆ ಮಾಡಿದ್ದಾರೆ, ತಪ್ಪೇನು ಎಂದು ಕೇಳಬಹುದು. ಚಿಕ್ಕ ಸಂಸಾರ ಲೇಸೆಂಬುದರಲ್ಲಿ ನಮಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಮೇಲೆ ಹೇಳಿದ ಕುಟುಂಬ ಸಮೀಕ್ಷೆಯ ಪ್ರಕಾರವೇ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಸಂಖ್ಯೆ ಆಗಲೇ ತಗ್ಗಿದೆ. ಉಳಿದಿರುವ ಮೂರನೆಯ ಬಸಿರುಗಳಲ್ಲಿ ತಾಯಿಯೊಬ್ಬಳೇ ನಿರ್ಧರಿಸಿದವು ಎಷ್ಟು? ಗಂಡು ಬೇಕೆಂಬ ಮನೆಯವರ ಬಯಕೆ, ಶಸ್ತ್ರಚಿಕಿತ್ಸೆಯೆಂದರೆ ಹೆಂಗಸಿಗೇ ಆಗಬೇಕೆಂಬ ಗಂಡಸರ ಹಿಂಜರಿತ, ಅಂತರ ಕಾಯುವ ಸಾಧನಗಳ ಬಗೆಗಿನ ಭಯ ಇವೆಲ್ಲ ಅದರಲ್ಲಿ ಸೇರಿವೆ. ನಿರ್ಧಾರ ಹಲವರದು, ದಂಡ ಒಬ್ಬಳಿಗೆ, ಇನ್ನೂ ಹುಟ್ಟದ ಒಂದು ಕೂಸಿಗೆ. ಅಂತರ ಕಾಯುವುದನ್ನು ಕಲಿಸಬೇಕಾದರೆ ಅದನ್ನು ಗಂಡನಿಗೂ ಕಲಿಸಬೇಕು, ಬಸಿರಾಗುವ ಮೊದಲು ಕಲಿಸಬೇಕು.

ಸರ್ಕಾರದ ಸಹಾಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರವೂ ಆರಿಸಿದ ಸ್ಥಳಗಳಲ್ಲಿ ಒಂದಾಗಿತ್ತು; ಇಂದು ಅಂಗನವಾಡಿಯಿಲ್ಲದ ಹಳ್ಳಿ ಅಪರೂಪ. 2017ರಲ್ಲಿ ರಾಜ್ಯವು ಮಾತೃಪೂರ್ಣ ಎಂಬ ಹೆಸರಿನಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ಬಡಿಸುವ ಏರ್ಪಾಡನ್ನು ಮಾಡಿತು: ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಎಲ್ಲರಿಗಿಂತ ಕೊನೆಗೆ ಉಣ್ಣುವವಳಿಗೆ ಕೂಡಿಸಿ ಬಡಿಸುವ ಈ ಆಲೋಚನೆ ತುಂಬ ವಿವೇಕದ್ದು. ಆದರೆ ಊಟದ ಹೊತ್ತಿಗೆ ಕೂಲಿಯವಳು ಊರಾಚೆಯ ಹೊಲದಲ್ಲಿರುತ್ತಾಳೆ. ಉಣ್ಣಲು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ತಪಾಸಣೆಗೆ ಹೋದರೆ ಇಡೀ ದಿನದ್ದು. ಹಣ ಕೇಳದೆ ಕೊಡುವ ಸಹಾಯವೂ ಹೊತ್ತನ್ನು ಕೇಳುತ್ತದೆ. ಆಕೆಯ ಬಳಿ ಇಲ್ಲದಿರುವುದು ಆ ಹೊತ್ತೇ.

ಆದ್ದರಿಂದ ನಾವು ಮೊದಲು ಹೇಳಿದ ಆ ಎರಡು ವರ್ಷದ ಮಗುವಿಗೇ ಮರಳೋಣ. ಅದನ್ನು ಹಗಲು ನೋಡಿಕೊಳ್ಳುವ ಒಂದು ಮನೆ ಊರಲ್ಲಿದ್ದರೆ ಗಂಟುಗಳು ಒಂದೊಂದಾಗಿ ಸಡಿಲುತ್ತವೆ. ಇದು ಹೊಸ ಕಲ್ಪನೆಯಲ್ಲ. 1969ರಲ್ಲಿ ದೆಹಲಿಯಲ್ಲಿ ಕಟ್ಟಡದ ಕೂಲಿಗಳ ಮಕ್ಕಳಿಗಾಗಿ ಮೀರಾ ಮಹಾದೇವನ್ ಎಂಬ ಮಹಿಳೆಯು ಕೆಲಸದ ಸ್ಥಳದಲ್ಲಿಯೇ ಶಿಶುಪಾಲನೆಯ ಗುಡಾರ ತೆರೆದರು. ಅದು ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆಯಾಗಿ ಬೆಳೆಯಿತು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ, ಕೆಲಸದ ಜಾಗಕ್ಕೆ ಐದು ಚಿಕ್ಕ ಮಕ್ಕಳು ಬಂದರೆ ಕೂಲಿಯವರಲ್ಲಿಯೇ ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ಅವರನ್ನು ನೋಡಿಕೊಳ್ಳಲು ನಿಯಮಿಸಬೇಕೆಂದು ಬರೆಯಲಾಗಿತ್ತು. 2023ರಲ್ಲಿ ಕರ್ನಾಟಕ ಸರ್ಕಾರವು 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಹೆಸರೂ ಚೆನ್ನಾಗಿದೆ, ಉದ್ದೇಶವೂ ಚೆನ್ನಾಗಿದೆ.

ಇಂಥ ಮನೆಯು ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ಕೆಲವು ಸಂಗತಿಗಳು ಅಗತ್ಯ. ಅದು ಕಚೇರಿಯ ಗಂಟೆಗೆ ತೆರೆಯದೆ ಹೊಲದ ಗಂಟೆಗೆ ತೆರೆಯಬೇಕು. ತಾಯಿ ಹೊರಡುವ ಮುಂಚೆ ಬಾಗಿಲು ತೆಗೆದು, ಆಕೆ ಮರಳುವವರೆಗೆ ತೆರೆದಿರಬೇಕು. ಕೊಯ್ಲಿನ ದಿನಗಳಲ್ಲಿ ರಜೆಯಿರಬಾರದು. ಸರ್ಕಾರದ ಕೂಲಿಯವಳಿಗೆ ಮಾತ್ರವಲ್ಲದೆ ರೈತನ ಹೊಲಕ್ಕೆ ಹೋಗುವವಳಿಗೂ, ತನ್ನದೇ ತುಂಡು ಭೂಮಿಯಲ್ಲಿ ದುಡಿಯುವವಳಿಗೂ ಅದು ಸಲ್ಲಬೇಕು. ಅಲ್ಲಿ ನೋಡಿಕೊಳ್ಳುವವಳಿಗೆ ತಪ್ಪದೆ ಸಂಬಳ ಬರಬೇಕು. ಆಕೆಯೂ ದುಡಿಯುವ ತಾಯಿಯೇ. ಅಲ್ಲಿ ಬೇಯಿಸುವ ಊಟವನ್ನೇ ಬಸುರಿಗೆ ಬುತ್ತಿಯಾಗಿ ಕಟ್ಟಿ ಕೊಟ್ಟರೆ, ಉಣ್ಣುವುದಕ್ಕಾಗಿ ಕೂಲಿ ಕಳೆದುಕೊಳ್ಳುವುದೂ ತಪ್ಪುತ್ತದೆ.

ಅಷ್ಟರವರೆಗೆ ಮನೆಯವರು ಮಾಡಬಹುದಾದದ್ದೂ ಉಂಟು. ಬಸಿರು ನಿಂತ 12 ವಾರಗಳೊಳಗೆ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಬೇಕು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆಗೆಂದೇ ಗೊತ್ತಾದ ದಿನ. ಅಂದು ಮಕ್ಕಳನ್ನು ಗಂಡನೇ ನೋಡಿಕೊಳ್ಳಲಿ. ಕೊಡವನ್ನೂ ಮಗುವನ್ನೂ ಎತ್ತುವ ಕೆಲಸ ಆತನದಾಗಲಿ. ರಕ್ತ ಕಾಣುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಜ್ವರ, ಕೂಸಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಇನ್ನೊಂದು ಮುಖ್ಯ ಸಂಗತಿ: ಮೂರನೆಯ ಹೆರಿಗೆಯು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ಮಕ್ಕಳನ್ನು ಯಾರ ಬಳಿ ಬಿಡುವುದೆಂದು ನೋವು ಬಂದ ಮೇಲೆ ಹುಡುಕುವಷ್ಟರಲ್ಲಿ ಹೊತ್ತು ಮೀರಬಹುದು. ಎಂಟನೆಯ ತಿಂಗಳಲ್ಲಿಯೇ ಅದು ನಿರ್ಧಾರವಾಗಿರಬೇಕು.

ಇದೆಲ್ಲ ದೂರದ ಅತನೂರಿನ ಮಾತು, ನಮಗೇನು ಎಂದು ಪಟ್ಟಣದವರು ಎನ್ನುವಂತಿಲ್ಲ. ಕಲಬುರಗಿಯ ಸೀಮೆಯಿಂದ ಗುಳೆ ಹೊರಟವರು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ನಮ್ಮ ಮನೆಗಳನ್ನು ಕಟ್ಟುತ್ತಿದ್ದಾರೆ. ತಾಯಿ ಕಾರ್ಡು ಊರಲ್ಲಿ ಉಳಿದಿರುತ್ತದೆ. ಮಗು ಮರಳಿನ ರಾಶಿಯ ಮೇಲೆ ಆಡುತ್ತಿರುತ್ತದೆ. ಬಸುರಿ ತಲೆಯ ಮೇಲೆ ಇಟ್ಟಿಗೆ ಹೊತ್ತಿರುತ್ತಾಳೆ. ಅಂಥ ಕಡೆ ನಮ್ಮ ಮನೆಯ ಕೆಲಸ ನಡೆಯುತ್ತಿದ್ದರೆ ಗುತ್ತಿಗೆದಾರನನ್ನು ಒಂದು ಮಾತು ಕೇಳೋಣ: ಈ ಮಕ್ಕಳಿಗೆ ನೆರಳು ಎಲ್ಲಿದೆ, ನೋಡಿಕೊಳ್ಳುವವರು ಯಾರು? ಹತ್ತಿರದ ಅಂಗನವಾಡಿ ಯಾವುದೆಂದು ಆ ತಾಯಿಗೆ ತೋರಿಸೋಣ. ಆಕೆಯ ಹೆಸರನ್ನು ಅಲ್ಲಿಯ ಪಟ್ಟಿಯಲ್ಲಿ ಬರೆಸಿ ಬಂದರೆ, ಅಷ್ಟು ಕೆಲಸವನ್ನಾದರೂ ನಾವು ಮಾಡಿದಂತಾಗುತ್ತದೆ.